ಎರಡೂವರಿ ಲಕ್ಷದ ಕಾಫಿ ಮಷೀನು ಬೇಕಾ?

ನಮ್ ಬಳಗದ ಹೆಣ್ಮಕ್ಕಳ ಗುಂಪಿನಾಗ ಹದಿನೈದು ದಿನದಿಂದ ಒಂದ ಮಾತು ನಡದದ. ಬೆಂಗಳೂರಾಗ ಕೆಲಸಕ್ಕಿರೋ ನಮ್ ತಮ್ಮನ ಮಗಳು ಎಸ್ಪ್ರೆಸೊ ಕಾಫಿ ಮಷೀನು ತಗೋತೀನಿ ಅಂತಾಳ. ರೇಟು ಎರಡೂವರಿ ಲಕ್ಷ. ಬೀಜ ಬೀಸೋ ಗ್ರೈಂಡರು ಬ್ಯಾರೆ, ಅದಕ್ಕ ನಲವತ್ತು ಸಾವಿರ. ಒಬ್ರು "ಅಕಿಗೇನು ಹುಚ್ಚು ಹಿಡದದೇನು" ಅಂದ್ರು, ಇನ್ನೊಬ್ರು ಅಷ್ಟು ರೊಕ್ಕಕ್ಕ ಎಷ್ಟು ಬಂಗಾರ ಬರ್ತದಂತ ಲೆಕ್ಕ ಹಾಕಿದ್ರು. ಅಕಿ ಅವ್ವಂತೂ ಮಾತ ಬಿಟ್ಟಾಳ. ಎಲ್ಲಾರೂ ನನ್ನ ಕೇಳಾಕ ಹತ್ತೀರಿ, ಅದಕ್ಕ ನನಗ ತಿಳಿದದ್ದು ಬರದೀನಿ.

ಮೊದ್ಲ ಹೇಳಿಬಿಡ್ತೀನಿ, ನಮ್ ಆರ್.ಎಚ್. ಕ್ಯಾಂಪು ಚಹಾದ ಊರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಮಂದಿಗೆ ಪುನರ್ವಸತಿ ಅಂತ ಆದ ಕ್ಯಾಂಪಿದು. ಯಾರ ಮನಿಗೆ ಹೋದ್ರೂ ಕೈಯಾಗ ಚಹಾದ ಕಪ್ಪು ಬರ್ತದ. ನಮ್ ಮನ್ಯಾಗ ಮಾತ್ರ ಅತ್ತೆಯವರ ಕಾಲದಿಂದ ಹಿತ್ತಾಳಿ ಫಿಲ್ಟರಿನ ಕಾಫಿ. ಹಂಗಾಗಿ ಕಾಫಿ ಬಗ್ಗೆ ನಾಕು ಮಾತು ಆಡೋ ಹಕ್ಕು ನನಗದ ಅನ್ಕೊಂಡೀನಿ.

ಎಸ್ಪ್ರೆಸೊ ಅಂದ್ರ ಏನು? 18 ಗ್ರಾಂ ಸಣ್ಣ ಕಾಫಿಪುಡಿ ಜಾಳಿಗಿ ಬಟ್ಟಲಾಗ ಒತ್ತಿ ತುಂಬಿ, ಅದರಾಗ 9 ಬಾರ್ ಒತ್ತಡದಿಂದ ಬಿಸಿನೀರು ತೂರಿಸೋದು. ನಮ್ ಕುಕ್ಕರಿನಾಗ ಸೀಟಿ ಹೊಡಿಯೋ ಹೊತ್ತಿಗೆ ಇರೋದು ಸುಮಾರು 1 ಬಾರ್, ಅದರ ಒಂಬತ್ತು ಪಟ್ಟು. 25–30 ಸೆಕೆಂಡಿನಾಗ 36 ಗ್ರಾಂ ಮಂದ ಕಾಫಿ ಇಳೀತದ. ಅಷ್ಟ. ಈ ದುಬಾರಿ ಮಷೀನಿನ ಹೆಚ್ಚುಗಾರಿಕಿ ಅಂದ್ರ ಪ್ರಿಇನ್ಫ್ಯೂಷನ್ ನಮ್ ಕೈಯಾಗ ಇರ್ತದಂತ. ಅಂದ್ರ ಪೂರಾ ಒತ್ತಡ ಬೀಳೋಕಿಂತ ಮೊದ್ಲು ಕಡಿಮಿ ಒತ್ತಡದಾಗ ಸ್ವಲ್ಪ ನೀರು ಬಿಟ್ಟು ಪುಡಿ ನೆನಸೋದು. ಎಷ್ಟು ಸೆಕೆಂಡು, ಎಷ್ಟು ಒತ್ತಡ, ಎಷ್ಟು ನೀರು, ಎಲ್ಲಾ ನಾವ ತಿರುವಿ ಇಟ್ಕೋಬಹುದು.

ಇದು ಯಾಕ ಬೇಕು ಅನ್ನೋದು ನಮಗ ಬೆಂಗಳೂರವ್ರಿಗಿಂತ ಚಲೋ ತಿಳೀತದ. ನಮ್ ಎರಿಹೊಲ ಬ್ಯಾಸಿಗ್ಯಾಗ ಕೈ ತೂರೋವಷ್ಟು ಬಿರುಕು ಬಿಟ್ಟಿರ್ತದ. ಕಾಲುವಿ ನೀರು ಬಂತಂತ ಒಮ್ಮೆಲೆ ಜೋರು ಬಿಟ್ರ ಏನಾಗ್ತದ? ಎಲ್ಲಾ ನೀರು ಬಿರುಕು ಹಿಡಕೊಂಡು ಇಳದುಹೋಗ್ತದ, ಆಚಿ ಮಡಿ ಹಂಗ ಒಣಾ ಇರ್ತದ. ಕಾಫಿಪುಡ್ಯಾಗೂ ಅದ ಕತಿ. ನೀರು ಒಂದು ಸಂದಿ ಹಿಡಕೊಂಡು ನುಗ್ಗಿದ್ರ ಆ ಸಂದಿ ಪುಡಿ ಎಳದೆಳದು ಕಹಿ ಬಿಡ್ತದ, ಉಳಿದ ಪುಡಿ ಅರ್ಧಾ ನೆನದು ಹುಳಿ ಬಿಡ್ತದ. ಒಂದ ಕಪ್ಪಿನಾಗ ಕಹಿನೂ ಹುಳಿನೂ. ಮೊದ್ಲು ನಿಧಾನಕ ನೆನಸಿದ್ರ ಪುಡಿ ಉಬ್ಬಿ ಸಂದಿ ಮುಚ್ಚಿ, ಎಲ್ಲಾ ಕಡಿ ಒಂದ ಸಮ ನೀರು ಹಾಯ್ತದ. ಜ್ವಾಳದ ಹಿಟ್ಟಿಗೆ ಎಸರು ಹಾಕಿ ಒಂದೀಟು ಬಿಟ್ಟು ಆಮ್ಯಾಲ ನಾದ್ತೀವಲ್ಲ, ಹಂಗ. ಗಡಿಬಿಡಿ ಮಾಡಿದ್ರ ರೊಟ್ಟಿ ಅಂಚು ಒಡೀತದ.

ಹಂಗಾದ್ರ ಇದು ಹೊಸಾ ವಿದ್ಯಾನಾ? ಇಲ್ಲ. ಇಟಲಿಯ ಗಾಜಿಯಾ ಅನ್ನೋರು ಎರಡನೇ ಮಹಾಯುದ್ಧ ಮುಗಿದ ಮ್ಯಾಲ ಹಿಡಿಕಿ ಎಳಿಯೋ ಮಷೀನು ತಂದ್ರು. ಅದರಾಗ ಹಿಡಿಕಿ ಕೆಳಗ ಎಳದಾಗ ಬಾಯ್ಲರಿನ ನೀರು ಬಂದು ಪುಡಿ ನೆನಸ್ತದ, ಬಿಟ್ಟಾಗ ಸ್ಪ್ರಿಂಗು ಒತ್ತತದ. 1961ರಾಗ ಫಾಯೆಮಾ ಕಂಪನಿ ಇ61 ಅನ್ನೋ ಮಷೀನು ಮಾಡ್ತು, ಆ ವರ್ಷದ ಸೂರ್ಯಗ್ರಹಣದ ಹೆಸರಿನ್ಯಾಗ. ಅದರ ಒಳಗೊಂದು ಸಣ್ಣ ಕೋಣಿ ಇಟ್ಟು ಅದು ತುಂಬೋತನಕ ಪುಡಿ ತಾನ ನೆನಿಯೋ ಹಂಗ ಮಾಡಿದ್ರು. ಈಗ ರೊಕ್ಕ ಕೇಳೋದು ನೆನಸೋದಕ್ಕಲ್ಲ, ಆ ನೆನಸೋದನ್ನ ಸೆಕೆಂಡು ಸೆಕೆಂಡಿಗೆ ತಿದ್ದೋದಕ್ಕ. ಇದು ಬೇಕಾಗೋದು ಕಡಿಮಿ ಹುರಿದ ಗಟ್ಟಿ ಬೀಜಕ್ಕ, ಭಾಳ ಸಣ್ಣಗ ಬೀಸಿದ ಪುಡಿಗೆ. ನಮ್ ಹಂಗ ಕರ್‍ರಗ ಹುರಿದು ಹಾಲು ಸಕ್ರಿ ಹಾಕಿ ಕುಡಿಯೋರಿಗೆ ಆ ಸೂಕ್ಷ್ಮ ನಾಲಿಗ್ಗೆ ಹತ್ತೋದು ಕಷ್ಟ.

ಈಗ ಲೆಕ್ಕ. ಮಷೀನು, ಗ್ರೈಂಡರು ಕೂಡಿ 2,90,000. ಹತ್ತು ವರ್ಷ ಬಾಳ್ತದನ್ನೋಣ, ದಿನಾ ಎರಡು ಕಪ್ಪು. 7,300 ಕಪ್ಪು ಆಯ್ತು. ಕಪ್ಪಿಗೆ 40 ರೂಪಾಯಿ ಬರೇ ಮಷೀನಿಂದು. ಕಿಲೋಕ್ಕ 1,200ರ ಬೀಜ ಹಿಡದ್ರ 18 ಗ್ರಾಮಿಗೆ 22 ರೂಪಾಯಿ. ಒಟ್ಟು 62, ಹಾಲು, ಕರೆಂಟು, ರಿಪೇರಿ ಬಿಟ್ಟು. ಬೆಂಗಳೂರಿನ ದೊಡ್ಡ ಕಾಫಿ ಅಂಗಡ್ಯಾಗ ಒಂದು ಕಪ್ಪಿಗೆ 200 ಕೊಡೋರಿಗೆ ಇದು ಸೋವಿ. ಫಿಲ್ಟರಿನಾಗ ಕಪ್ಪಿಗೆ 6 ರೂಪಾಯಿ ಪುಡಿ ಹಾಕೋ ನನಗ ಯಾವ ಜನ್ಮಕ್ಕೂ ಹೊಂದಂಗಿಲ್ಲ. 30,000ದ ಮಷೀನು, 15,000ದ ಕೈಗ್ರೈಂಡರು ತಗಂಡು, ಐದ ವರ್ಷ ಬಾಳಿದ್ರೂ ಕಪ್ಪಿಗೆ 12 ರೂಪಾಯಿ. ಆ ರೇಟಿನ ಮಷೀನಿನಾಗೂ ಮೊದ್ಲು ಪುಡಿ ನೆನಸೋವು ಸಿಗ್ತಾವ, ತಿದ್ದೋ ಅವಕಾಶ ಅಷ್ಟು ಇರಂಗಿಲ್ಲ, ಅಷ್ಟ. ಮತ್ತ ಬೀಜ ಒಂದ ಸಮ ಬೀಸದಿದ್ರ ಎಷ್ಟು ದೊಡ್ಡ ಮಷೀನಿದ್ರೂ ಏನೂ ನಡ್ಯಂಗಿಲ್ಲ. ರೊಕ್ಕ ಮೊದ್ಲು ಗ್ರೈಂಡರಿಗೆ ಹಾಕ್ಬೇಕು.

ಲೆಕ್ಕದಾಗ ಬರದ ಮಾತೂ ಅದಾವ. ನಮ್ ಕಡಿ ಬೋರಿನ ನೀರು ಸವುಳು, ಪಾತ್ರಿ ತಳಕ್ಕ ಬಿಳೇ ಹಕ್ಕಳಿ ಕಟ್ತದ. ಆ ಹಕ್ಕಳಿ ಬಾಯ್ಲರಿನಾಗ ಕಟ್ಟಿದ್ರ ಮಷೀನಿನ ಆಯುಷ್ಯ ಮುಗೀತು. ಪೂರಾ ಫಿಲ್ಟರ್ ಆದ ಸಪ್ಪನ ನೀರೂ ಆಗಂಗಿಲ್ಲ, ಉಪ್ಪಿನಂಶ ಇಲ್ಲದಿದ್ರ ಕೆಲವು ಮಷೀನಿಗೆ ಒಳಗ ನೀರದ ಅಂತನ ತಿಳಿಯಂಗಿಲ್ಲ. ಇನ್ನ ಕೆಟ್ರ ಸಿಂಧನೂರಾಗ ಬಿಚ್ಚಿ ನೋಡೋರ್‍ಯಾರು?

ಯುಗಾದಿಗೆ ಅಕಿ ಬಂದಾಗ ಗೆಳತಿಯ ಕೈಲೆ ಒತ್ತೋ ಒಂದು ಸಣ್ಣ ಯಂತ್ರ ತಂದಿದ್ಲು. ಕರೆಂಟು ಬೇಡ, ಬಿಸಿನೀರು ಹಾಕಿ ಹಿಡಿಕಿ ಒತ್ತಬೇಕು. ನಾನು, ಬಾಜು ಮನಿ ಬಂಗಾಳಿ ಅಕ್ಕ, ಇಬ್ರೂ ಕುಂತು ನೋಡಿದ್ವಿ. ಮೊದಲನೇದು ಒಮ್ಮೆಲೆ ಒತ್ತಿದ್ಲು, ಒಂದ ಬದಿಯಿಂದ ಪಿಚಕಾರಿ ಹಂಗ ಚಿಮ್ಮಿ ಎರಡು ಹನಿ ನನ್ನ ಸೀರಿಗೇ ಬಿದ್ವು. ಎರಡನೇದಕ್ಕ ಹತ್ತು ಸೆಕೆಂಡು ನೆನಸಿ ಆಮ್ಯಾಲ ಒತ್ತಿದ್ಲು, ಜೇನಿನ ಎಳಿ ಹಂಗ ಇಳೀತು. ರುಚಿ ಬ್ಯಾರೆನ ಇತ್ತು, ಸುಳ್ಳು ಹೇಳಂಗಿಲ್ಲ. ಬಂಗಾಳಿ ಅಕ್ಕ ಎರಡೂ ಕಹಿ ಅಂದು ಎದ್ದು ಚಹಾಕ್ಕಿಟ್ಲು.

ಆವಾಗ ಅಕಿ ಒಂದು ಮಾತಂದ್ಲು. "ಅತ್ತಿ, ಐದಕ್ಕ ಏಳ್ತೀನಿ, ರಾತ್ರಿ ಒಂಬತ್ತಕ್ಕ ರೂಮಿಗೆ ಬರ್ತೀನಿ. ದಿನದಾಗ ನಂದು ಅನ್ನೋದು ಕಾಫಿ ಮಾಡೋ ಆ ಹತ್ತು ನಿಮಿಷ." ಇದಕ್ಕ ನನ್ನ ಕೂಡ ಲೆಕ್ಕ ಇರಲಿಲ್ಲ. ಅಕಿ ತಮ್ಮ ಹೋದ ವರ್ಷ ಬುಲೆಟ್ ಗಾಡಿ ತಗಂಡ. ಊರಿಗೆಲ್ಲ ಪೇಢೆ ಹಂಚಿದ್ವಿ. ಕಿಲೋಮೀಟರಿಗೆ ಎಷ್ಟು ಬಿತ್ತಂತ ಯಾರರ ಕೇಳಿದ್ವೇನು? ಇಕಿ ಮನಿಸಾಲಕ್ಕ ತಿಂಗಳಾ ತಿಂಗಳಾ ರೊಕ್ಕ ಕಳಿಸಿ, ಉಳಿದದ್ದರಾಗ ಕೇಳ್ತಾಳ. ಆದ್ರೂ ಒಂದು ಕಪ್ಪು ಕಾಫಿಗೆ ಅಕಿ ಇಪ್ಪತ್ತು ಮಂದಿ ಮುಂದ ಲೆಕ್ಕ ಒಪ್ಪಿಸಬೇಕು.

ಹಂಗಾಗಿ ನಾ ಅಕಿಗೆ ಹೇಳಿದ್ದಿಷ್ಟು: ಮೊದ್ಲು ಚಲೋ ಗ್ರೈಂಡರು ತಗೋ. ಅದರ ಕೂಡ ಈ ಕೈಯಂತ್ರ ಒಂದು ವರ್ಷ ದಿನಾ ಒತ್ತು. ಎಷ್ಟು ನೆನಸಿದ್ರ ಏನಾಗ್ತದ ಅನ್ನೋದು ಕೈಗೇ ತಿಳೀತದ. ವರ್ಷದ ಮ್ಯಾಲೂ ದೊಡ್ಡದು ಬೇಕನಿಸಿದ್ರ ತಗೋ, ಯಾರ್‍ನೂ ಕೇಳಬ್ಯಾಡ. ಅಕಿ ಹೂಂ ಅಂದಾಳ. ಅವ್ವನ ಕೂಡ ಮಾತಾಡಿಸೋ ಕೆಲಸ ನಂದು, ಈ ವಾರ ಹೋಗಾಕಿದೀನಿ.

ಮನ್ಯಾಗ ಫಿಲ್ಟರಿರೋರು ನಾಳೆ ಒಂದು ಮಾಡಿ ನೋಡ್ರಿ. ಪುಡಿ ಮ್ಯಾಲ ಒಮ್ಮೆಲೆ ನೀರು ಸುರೀಬ್ಯಾಡ್ರಿ. ಮೊದ್ಲು ಎರಡು ಚಮಚ ಬಿಸಿನೀರು ಸುತ್ತಲೂ ಚಿಮುಕಿಸಿ, ಅರ್ಧ ನಿಮಿಷ ಬಿಟ್ಟು, ಆಮ್ಯಾಲ ಉಳಿದ ನೀರು ನಿಧಾನಕ ಹಾಕ್ರಿ. ಡಿಕಾಕ್ಷನ್ ಹೆಂಗ ಬಂತಂತ ಗುಂಪಿನಾಗ ಹಾಕ್ರಿ.