ಹೊಗೆಯ ದಾರಿ

ಟೆಕ್ಸಾಸಿನಲ್ಲಿರುವ ನನ್ನಣ್ಣ 2001ರ ಫೋರ್ಡ್ ಲೈಟ್ನಿಂಗ್ ಪಿಕಪ್ ಕೊಂಡನು. 5.4 ಲೀಟರಿನ ಎಂಟು ಸಿಲಿಂಡರಿನ ಎಂಜಿನ್, 380 ಅಶ್ವಶಕ್ತಿ! ಅದೂ ಸಾಲದೆಂದು, ಹೊಗೆ ಹೊರಹೋಗುವ ‘ಹೆಡರ್’ ಕೊಳವೆಗಳನ್ನು ಬದಲಿಸಲು ಹೊರಟು ಫೋನಿನಲ್ಲಿ ನನ್ನನ್ನು ಕೇಳಿದನು. ಹಳಗನ್ನಡ ಓದುವ ನನಗೂ ಯಂತ್ರಕ್ಕೂ ಎತ್ತಣ ಸಂಬಂಧ? ಆದರೂ ತಿಳಿದುಕೊಂಡೆ. ಉದ್ದ ಕೊಳವೆಗಳಾದರೆ ಹೊಗೆ ಸರಾಗವಾಗಿ ಹರಿದು ಶಕ್ತಿ ಹೆಚ್ಚುತ್ತದೆ. ಆದರೆ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕದಲಿಸಬೇಕು. ಗಿಡ್ಡ ಕೊಳವೆಗಳಿಂದ ಲಾಭ ಅಲ್ಪ. ಕನ್ವರ್ಟರು ಇದ್ದಲ್ಲೇ ಇರುತ್ತದೆ. ಅಣ್ಣನಿಗೆ ಉದ್ದದವೇ ಬೇಕು. ಕನ್ವರ್ಟರನ್ನು ಕಿತ್ತೇ ಹಾಕುವೆನೆಂದನು.

ನನಗೆ, ಲಾರಿ ಓಡಿಸಿ ಓಡಿಸಿ ಕೆಮ್ಮು ಹಿಡಿದ ಅಪ್ಪನ ನೆನಪಾಯಿತು.

“ಅಣ್ಣಾ, ಹಿಂದೆ ಬರುವವರೂ ಉಸಿರಾಡಬೇಕಲ್ಲ?” ಎಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ತಾನಾಗಿಯೇ ಹೇಳಿದನು: “ಗಿಡ್ಡವನ್ನೇ ತರಿಸುತ್ತೇನೆ ಕಣೋ. ಅಪ್ಪನಿಗೆ ಇದನ್ನೆಲ್ಲ ಹೇಳಬೇಡ.”