ಎರಡು ಟಗರಿಗೆ ಒಂದು ಎಮು

ಕ್ರಿಕೆಟ್ಟಿಗಿಂತ ಮುಂಚೆಯೇ ಆಸ್ಟ್ರೇಲಿಯ ನಮ್ಮ ಮನೆಗೆ ಬಂದಿತ್ತು, ಬೆನ್ನಿಗೆ ಗೋಂದು ಹಚ್ಚಿಕೊಂಡು. ತಂದವನು ನನ್ನ ಸೋದರಮಾವ. ಮದರಾಸಿನ ಯಾವುದೋ ಆಮದು-ರಫ್ತಿನ ಕಂಪನಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಕಚೇರಿಯ ಕಸದ ಬುಟ್ಟಿಯೇ ಖಜಾನೆ. ಪರದೇಶದ ಲಕೋಟೆಗಳ ಮೂಲೆ ಹರಿದು ತಂದು, ನೀರಲ್ಲಿ ನೆನೆಹಾಕಿ, ಸ್ಟಾಂಪು ಬಿಡಿಸಿ, ಹಳೇ ಪೇಪರಿನ ಮೇಲೆ ಒಣಗಿಸಿ, ಲೆಕ್ಕದ ಪುಸ್ತಕವೊಂದರಲ್ಲಿ ಅಂಟಿಸುತ್ತಿದ್ದ. ರಜೆಗೆ ಊರಿಗೆ ಬಂದಾಗಲೂ ಇದೇ ಕೆಲಸ. ಮಡಿನೀರಿನ ಪಕ್ಕದಲ್ಲಿ ಕಂಡಕಂಡವರ ಎಂಜಲು ಹತ್ತಿದ ಕಾಗದ ನೆನೆಸುವವನು ಉದ್ಧಾರವಾಗುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಮಾವ ನಿವೃತ್ತಿಯವರೆಗೂ ಗುಮಾಸ್ತನಾಗಿಯೇ ಉಳಿದದ್ದು ಅವಳ ವಾದಕ್ಕೆ ಒಳ್ಳೆಯ ಪುರಾವೆಯಾಯಿತು.

ಆ ಪುಸ್ತಕದಲ್ಲಿ ದೇಶಕ್ಕೊಂದು ಪುಟ. ಇಂಗ್ಲೆಂಡಿನ ಪುಟದಲ್ಲಿ ಒಬ್ಬನೇ ರಾಜ ಹಸಿರು, ಕೆಂಪು, ನೀಲಿ ಎಂದು ಬಣ್ಣ ಬದಲಿಸಿಕೊಂಡು ಕೂತಿದ್ದ. ಮಿಕ್ಕ ದೇಶಗಳೂ ಅಷ್ಟೇ: ಮೀಸೆ, ಪದಕ, ಬೋಳುತಲೆ. ಆಸ್ಟ್ರೇಲಿಯದ ಪುಟ ತಿರುವಿದರೆ ಮಾತ್ರ ಮೃಗಾಲಯ. ನಾಲ್ಕು ಪೆನ್ನಿಯ ಕೋಆಲ, ಆರು ಪೆನ್ನಿಯ ಕೂಕಬರ, ಒಂಬತ್ತು ಪೆನ್ನಿಯ ಪ್ಲಾಟಿಪಸ್, ಒಂದು ಶಿಲ್ಲಿಂಗಿನ ಲೈರ್ ಹಕ್ಕಿ.

ಈ ಮೃಗಾಲಯದ ಹಿರಿಯ ಕಾಂಗರೂ. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದವು. ಆದರೆ ಇಡೀ ದೇಶಕ್ಕೊಂದು ಸ್ಟಾಂಪು ಬರಲು 1913ರ ಜನವರಿಯಾಗಬೇಕಾಯಿತು. ನಡುವೆ 1911ರಲ್ಲಿ ಸ್ಪರ್ಧೆ ಏರ್ಪಡಿಸಿದರು. ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಮೊದಲ ಬಹುಮಾನ ಕೊಟ್ಟರು, ಬಹುಮಾನದ ಚಿತ್ರವನ್ನು ಬದಿಗಿಟ್ಟರು. ನಮ್ಮ ಕಡೆಯ ಸಮಿತಿಗಳಿಗೂ ಇದೇನು ಹೊಸ ಪದ್ಧತಿಯಲ್ಲ. ಅಂಚೆ ಮಂತ್ರಿ ಚಾರ್ಲಿ ಫ್ರೇಜರ್‌ಗೆ ಸ್ಟಾಂಪಿನ ಮೇಲೆ ರಾಜನ ಮುಖ ಬೇಕಿರಲಿಲ್ಲ. ಹೀಗಾಗಿ ಖಾಲಿ ಭೂಪಟದ ನಡುವೆ ಒಂಟಿ ಕಾಂಗರೂ ನಿಂತಿತು, ಅರ್ಧ ಪೆನ್ನಿಯಿಂದ ಎರಡು ಪೌಂಡಿನವರೆಗೆ ಅದೇ ಒಂದು ಕಾಂಗರೂ. ಪತ್ರಿಕೆಗಳು ಗೇಲಿ ಮಾಡಿದವು. ಅದೇ ವರ್ಷದ ಚುನಾವಣೆಯಲ್ಲಿ ಫ್ರೇಜರ್ ಪಕ್ಷ ಸೋತಿತು, ಹಿಂದೆಯೇ ಐದನೇ ಜಾರ್ಜ್ ದೊರೆಯ ತಲೆ ಬಂತು. ಆದರೂ ಕಾಂಗರೂ ಪೂರ್ತಿ ಜಾಗ ಬಿಡಲಿಲ್ಲ. ದೊಡ್ಡ ಬೆಲೆಯ ಸ್ಟಾಂಪುಗಳಲ್ಲಿ 1940ರ ದಶಕದವರೆಗೂ ಉಳಿದುಕೊಂಡಿತು. ಪೆನ್ನಿಯ ಕಾಗದಕ್ಕೆ ರಾಜ, ಪೌಂಡಿನ ಪಾರ್ಸೆಲ್ಲಿಗೆ ಕಾಂಗರೂ. ಇಬ್ಬರಲ್ಲಿ ಯಾರಿಗೆ ಹೆಚ್ಚು ಮರ್ಯಾದೆ ಸಿಕ್ಕಿತು ಎಂಬುದನ್ನು ನೀವೇ ತೀರ್ಮಾನಿಸಿ.

ಇದಕ್ಕೂ ಮೊದಲು, ದೇಶ ಒಂದಾಗುವ ಮುನ್ನವೇ, ಪಶ್ಚಿಮ ಆಸ್ಟ್ರೇಲಿಯ 1854ರಲ್ಲಿ ತನ್ನ ಮೊದಲ ಸ್ಟಾಂಪಿಗೆ ವಿಕ್ಟೋರಿಯಾ ರಾಣಿಯನ್ನು ಬಿಟ್ಟು ಕಪ್ಪು ಹಂಸವನ್ನು ಆರಿಸಿಕೊಂಡಿತ್ತು. ಮರುವರ್ಷದ ನಾಲ್ಕು ಪೆನ್ನಿಯ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಂಸ ತಲೆಕೆಳಗಾಯಿತು. ಅಂಥ ಒಂದು ಚೀಟಿ ಕೈಯಲ್ಲಿದ್ದರೆ ಮನೆ ಕಟ್ಟಿಸಬಹುದು ಎಂದು ಮಾವ ಕಣ್ಣರಳಿಸಿ ಹೇಳುತ್ತಿದ್ದ. ನಿಜವಾಗಿ ತಲೆಕೆಳಗಾದದ್ದು ಸುತ್ತಲಿನ ಚೌಕಟ್ಟು. ಹಂಸ ನೆಟ್ಟಗೇ ಈಜುತ್ತಿತ್ತು. ಚೌಕಟ್ಟಿನ ತಪ್ಪಿಗೆ ಒಳಗಿದ್ದವರು ಹೆಸರು ಕೆಡಿಸಿಕೊಳ್ಳುವುದು ಸರ್ಕಾರಿ ನೌಕರಿಯಲ್ಲಿದ್ದವರಿಗೆಲ್ಲ ಗೊತ್ತಿರುವ ಸಂಗತಿ.

ಪ್ಲಾಟಿಪಸ್ಸಿನ ಕಥೆಯೇ ಬೇರೆ. ಅದರ ಚರ್ಮ ಲಂಡನ್ನಿಗೆ ಬಂದಾಗ, 1799ರಲ್ಲಿ ಅದನ್ನು ಮೊದಲು ವರ್ಣಿಸಿದ ಜಾರ್ಜ್ ಶಾ ಎಂಬ ವಿದ್ವಾಂಸನಿಗೇ ಅನುಮಾನ ಬಂದಿತ್ತು: ಯಾರೋ ತುಂಟರು ಬಾತಿನ ಕೊಕ್ಕನ್ನು ತಂದು ಹೊಲಿದಿರಬೇಕು! ನಮ್ಮ ಮನೆಯಲ್ಲಿ ಅಂಥ ಅನುಮಾನವೇನೂ ಏಳಲಿಲ್ಲ. ಇದು ಮೊಟ್ಟೆಯನ್ನೂ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ ಎಂದು ಮಾವ ಹೇಳಿದಾಗ ಅಜ್ಜಿ ಆ ಒಂದೇ ಸಲ ಪುಸ್ತಕದ ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದಳು. "ಹೊತ್ತಿಗೆಷ್ಟು ಕೊಡುತ್ತಂತೆ?" ಎಂದು ಕೇಳಿದಳು. ಮಾವನಿಗೆ ಉತ್ತರ ಗೊತ್ತಿರಲಿಲ್ಲ. ಅವಳು ಒಳಗೆ ಹೋದಳು.

ಮಾವ ಹೋದ ಮೇಲೆ ಪುಸ್ತಕ ನನ್ನ ಪಾಲಿಗೆ ಬಂತು, ಜೊತೆಗೆ ಪ್ರತಿ ಸ್ಟಾಂಪಿನ ಕೆಳಗೂ ವರ್ಷ ಬರೆಯುವ ಅವನ ಚಾಳಿಯೂ. ವರ್ಷ ಹುಡುಕಲು ಹೋದರೆ ಬೇಡದ ಇತಿಹಾಸವೂ ಕೈಗೆ ಹತ್ತುತ್ತದೆ, ಅದೇ ತಾಪತ್ರಯ. ಮುದ್ದು ಮುಖದ ಆ ಕೋಆಲ ಸ್ಟಾಂಪು 1938ರದು. ಹನ್ನೊಂದು ವರ್ಷ ಹಿಂದೆ, 1927ರ ಆಗಸ್ಟಿನಲ್ಲಿ, ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬೇಟೆಗೆ ಅನುಮತಿ ಕೊಟ್ಟು, ತುಪ್ಪಳಕ್ಕಾಗಿ ಐದು ಲಕ್ಷಕ್ಕೂ ಹೆಚ್ಚು ಕೋಆಲಗಳು ಸತ್ತಿದ್ದವು. ಎಮುವಿನ ಕಥೆ ನಗು ತರಿಸುವಂಥದ್ದು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಹೊಲಗಳಿಗೆ ನುಗ್ಗಿದ ಎಮುಗಳ ಮೇಲೆ ಸೈನ್ಯವನ್ನೇ ಕಳಿಸಿದರು: ಮೇಜರ್ ಮೆರೆಡಿತ್, ಎರಡು ಲೂಯಿಸ್ ಮೆಷಿನ್ ಗನ್ನು, ಹತ್ತು ಸಾವಿರ ಸುತ್ತು ಗುಂಡು. ಹಕ್ಕಿಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಚೆದುರಿ ಓಡಿದವು. ಸೈನ್ಯ ವಾಪಸಾಯಿತು, ಎಮುಗಳು ಹೊಲದಲ್ಲೇ ಉಳಿದವು. ಹತ್ತು ವರ್ಷದ ಮೇಲೆ, 1942ರಲ್ಲಿ, ಐದೂವರೆ ಪೆನ್ನಿಯ ಸ್ಟಾಂಪಿನ ಮೇಲೆ ಎಮುವನ್ನು ಗೌರವದಿಂದ ಅಚ್ಚು ಹಾಕಿದರು. ಸರ್ಕಾರಗಳು ಮೊದಲು ಕೋವಿಯಿಂದ ಗುರಿಯಿಡುತ್ತವೆ, ಆಮೇಲೆ ಠಸ್ಸೆಯಿಂದ.

ಎಲ್ಲಕ್ಕಿಂತ ಕೊನೆಗೆ ಸ್ಟಾಂಪಿಗೆ ಬಂದದ್ದು ಥೈಲಸೈನ್, ಬೆನ್ನ ಮೇಲೆ ಪಟ್ಟೆಗಳಿದ್ದ ಟಾಸ್ಮೇನಿಯದ ಹುಲಿ. ಕುರಿ ತಿನ್ನುತ್ತದೆಂಬ ಆಪಾದನೆಯ ಮೇಲೆ ಅಲ್ಲಿನ ಸರ್ಕಾರ 1888ರಿಂದ 1909ರವರೆಗೆ ತಲೆಗೊಂದು ಪೌಂಡ್ ಇನಾಮು ಕೊಟ್ಟಿತು. ಕಾಯಿದೆಯ ರಕ್ಷಣೆ ಸಿಕ್ಕಿದ್ದು 1936ರ ಜುಲೈನಲ್ಲಿ. ಎರಡು ತಿಂಗಳು ತುಂಬುವ ಮೊದಲೇ ಹೋಬಾರ್ಟ್ ಮೃಗಾಲಯದಲ್ಲಿ ಕೊನೆಯದು ಸತ್ತಿತು. 1962ರಲ್ಲಿ ಅದಕ್ಕೊಂದು ಸ್ಟಾಂಪು ಬಂತು. ಬೆಲೆ ಒಂದು ಶಿಲ್ಲಿಂಗ್ ಎರಡು ಪೆನ್ನಿ. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಬದುಕಿದ್ದಾಗ ಅದರ ತಲೆಗೆ ಹೆಚ್ಚು ಬೆಲೆಯಿತ್ತು.

ಈ ನಾಡಪ್ರಾಣಿಗಳ ಸಾಲಿನಲ್ಲಿ 1938ರಲ್ಲಿ ಒಬ್ಬ ವಲಸಿಗನೂ ಸೇರಿಕೊಂಡ: ಐದು ಪೆನ್ನಿಯ ಮೆರಿನೋ ಟಗರು. ಮೂಲ ಸ್ಪೇನಿನದು, ಉಣ್ಣೆಯ ದೆಸೆಯಿಂದ ದೊಡ್ಡ ಮನುಷ್ಯನಾದದ್ದು ಆಸ್ಟ್ರೇಲಿಯದಲ್ಲಿ. ಸುರುಳಿ ಕೊಂಬು, ಮುಖದಲ್ಲಿ ಜಮೀನ್ದಾರನ ಠೀವಿ. ಇದರ ಪರವಾಗಿಯೇ ಹುಲಿಯ ತಲೆಗೆ ಪೌಂಡ್ ಕಟ್ಟಿದ್ದು ಎಂದು ತಿಳಿದ ಮೇಲೆ ನನಗೆ ಅದರ ಮುಖ ಅಷ್ಟಾಗಿ ಸೇರುವುದಿಲ್ಲ.

ನಾವೇನೂ ಹಿಂದೆ ಬಿದ್ದಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲೂ ಇಲ್ಲದ ನಮ್ಮ ಸಿಂಗಳೀಕಕ್ಕೆ 1983ರಲ್ಲಿ ಎರಡು ರೂಪಾಯಿಯ ಸ್ಟಾಂಪು ಬಂತು. ಎರಡು ರೂಪಾಯಿ! ಊರಿನ ಕಾಗದಕ್ಕೆ ಆಗ ಅಷ್ಟು ದುಡ್ಡು ಯಾರು ಹಚ್ಚುತ್ತಿದ್ದರು? ಶರಾವತಿ ಕಣಿವೆಯ ಮರದ ಮೇಲಿದ್ದ ಪ್ರಾಣಿ ಆ ಕಣಿವೆಯ ಟಪಾಲಿನಲ್ಲಿ ಬಂದದ್ದನ್ನು ನಾನಂತೂ ಕಾಣಲಿಲ್ಲ.

ಈಗ ಅಣ್ಣನ ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಬೇಲಿಯ ಮೇಲೆ ಕೂತು ನಗುವ ಕೂಕಬರದ ವಿಡಿಯೊವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಹಕ್ಕಿ ಚೆನ್ನಾಗಿಯೇ ನಗುತ್ತದೆ, ಆದರೆ ಅದನ್ನು ನೀರಲ್ಲಿ ನೆನೆಸುವುದು ಹೇಗೆ? ಒಂದು ಕಾಗದ ಬರೆಯೇ ಎಂದೆ. ಬರೆದಳು ಪುಣ್ಯಾತ್ಗಿತ್ತಿ, ಎರಡು ಪುಟ ಕನ್ನಡದಲ್ಲೇ. ಲಕೋಟೆಯ ಬಲಮೂಲೆಯಲ್ಲಿ ಯಂತ್ರ ಉಗುಳಿದ ಬಿಳಿ ಲೇಬಲ್ಲು, ಅದರ ಮೇಲೆ ಕಪ್ಪು ಗೆರೆಗಳು. ಅಜ್ಜಿ ಇದ್ದಿದ್ದರೆ ಖುಷಿಪಡುತ್ತಿದ್ದಳು, ಎಂಜಲಿಲ್ಲದ ಮಡಿ ಟಪಾಲು.

ಮಾವನ ಪುಸ್ತಕದಲ್ಲಿ ಐದೂವರೆ ಪೆನ್ನಿಯ ಎಮು ಇಲ್ಲ. ಅದರ ಜಾಗದಲ್ಲಿ ಪೆನ್ಸಿಲಿನಿಂದ ಎಳೆದ ಚೌಕ, ಒಳಗೆ "ಬರಬೇಕು" ಎಂಬ ಬರಹ. ಅದೇನೂ ಅಪರೂಪದ್ದಲ್ಲ, ದುಡ್ಡು ಕೊಟ್ಟರೆ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಕೊಂಡು ಅಂಟಿಸುವುದು ಮಾವನ ಲೆಕ್ಕದಲ್ಲಿ ಮೋಸ. ಒಂದೋ ಲಕೋಟೆಯಿಂದ ಬಿಡಿಸಬೇಕು, ಇಲ್ಲವೇ ಬದಲು ಕೊಟ್ಟು ಪಡೆಯಬೇಕು. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಆಲ್ಬಮ್ಮಿದ್ದು, ಅದರಲ್ಲಿ ಒಂದು ಎಮು ಹೆಚ್ಚಾಗಿದ್ದರೆ ದಯವಿಟ್ಟು ತಿಳಿಸಿ. ನನ್ನಲ್ಲಿ ಮೆರಿನೋ ಟಗರು ಎರಡು ಹೆಚ್ಚಿವೆ, ಎರಡನ್ನೂ ಕೊಡುತ್ತೇನೆ. ಅಂಚೆ ವೆಚ್ಚ ನನ್ನದು.