ಕಲ್ಲಿನ ತಪ್ಪೆಲ್ಲ ಸೊಪ್ಪಿನ ಮೇಲೆ ಹಾಕಬೇಡಿ

ಸೊಪ್ಪು ತಿಂದ್ರೆ ಕಿಡ್ನಿಲಿ ಕಲ್ಲಾಗುತ್ತೆ ಅನ್ನೋ ಮಾತು ಈಗ ನಮ್ಮ ಕೇರಿಗೂ ಬಂದು ಕೂತಿದೆ. ಇದರ ಬಗ್ಗೆ ಸ್ವಲ್ಪ ಮಾತಾಡೋಣ ಗೆಳೆಯರೇ. ಪೋಸ್ಟ್ ಉದ್ದ ಆಯ್ತು ಅಂತ ಬೈಬೇಡಿ.

ಹೋದ ಬೇಸಿಗೇಲಿ ಸ್ಕ್ಯಾನಿಂಗ್‌ನಲ್ಲಿ ನನಗೆ 4 ಮಿಲಿಮೀಟರ್ ಕಲ್ಲು ಕಾಣಿಸ್ತು. ಅದೇ ತಿಂಗಳು ನಮ್ಮ ಕೇರಿಯ ಪೌರಕಾರ್ಮಿಕ ಅಕ್ಕನಿಗೂ ಕಾಣಿಸ್ತು. ಇಬ್ಬರಿಗೂ ಸಿಕ್ಕ ಚೀಟಿ ಒಂದೇ: ಪಾಲಕ್ ಬಿಡಿ, ಹರಿವೆ ಬಿಡಿ, ಟೊಮೊಟೊ ಬಿಡಿ, ಕಡಲೆಕಾಯಿ ಬಿಡಿ, ಹಾಲು ಮೊಸರು ಬಿಡಿ, ನೀರು ಚೆನ್ನಾಗಿ ಕುಡಿಯಿರಿ. "ಇದೇನ್ ಬರ್ದವ್ರೆ ಓದಣ್ಣ" ಅಂತ ಅಕ್ಕ ಬಂದ್ರು. ಓದಿ ಹೇಳಿದೆ. "ಸೊಪ್ಪೂ ಬುಟ್ರೆ ಮುದ್ದೆ ಯಾವುದ್ರಲ್ಲಿ ನುಂಗ್ಲಿ?" ಅಂದ್ರು. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಕೂತೆ.

ಆಕ್ಸಲೇಟ್ ಅನ್ನೋದು ಗಿಡಗಳು ತಾವೇ ತಯಾರಿಸಿಕೊಳ್ಳುವ ವಸ್ತು. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತಲ್ಲ, ಅದಕ್ಕೆ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಪಾಲಕ್, ಹರಿವೆ, ಬೀಟ್‌ರೂಟ್, ಬಾದಾಮಿಯಲ್ಲಿ ಆಕ್ಸಲೇಟ್ ಜಾಸ್ತಿ. ಟೊಮೊಟೊದಲ್ಲಿ ಕಡಿಮೆ, ಅದಕ್ಕೆ ಸುಮ್ಮನೆ ಕೆಟ್ಟ ಹೆಸರು. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ, ನಿಜ. ಆದರೆ ಆ ಆಕ್ಸಲೇಟ್ ಪೂರ್ತಿ ಊಟದಿಂದ ಬರೋದಲ್ಲ, ನಮ್ಮ ಲಿವರ್ ಕೂಡ ಅದನ್ನು ತಯಾರಿಸುತ್ತೆ.

ಕಲ್ಲಿನ ಹೆಸರಲ್ಲಿ ಕ್ಯಾಲ್ಸಿಯಂ ಇದೆ ಅಂತ ಹಾಲು ಮೊಸರು ಬಿಡಿಸೋದು ಉಲ್ಟಾ ಕೆಲಸ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಗೆ ಹಾಕುತ್ತೆ. ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರನ್ನು 5 ವರ್ಷ ಗಮನಿಸಿ ಇಟಲಿಯ ವೈದ್ಯರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಜನಕ್ಕೆ ಮತ್ತೆ ಕಲ್ಲಾಯ್ತು. ಕ್ಯಾಲ್ಸಿಯಂ ಬಿಡದೆ ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಜನಕ್ಕೆ ಮಾತ್ರ.

ಮಾಂಸ ಅಂದ ಕೂಡಲೇ ಕೆಲವರ ಕಿವಿ ನೆಟ್ಟಗಾಗುತ್ತೆ. ದಿನಾ ವಿಪರೀತ ಮಾಂಸ ತಿಂದ್ರೆ ಕಲ್ಲಿನ ಅಪಾಯ ಹೆಚ್ಚು, ಇದನ್ನು ಮುಚ್ಚಿಡೋದು ಬೇಡ. ಆದರೆ ಮಾಂಸದಲ್ಲಿ ಆಕ್ಸಲೇಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವಾರಕ್ಕೊಮ್ಮೆ ಬಾಡು ಬೇಯಿಸೋ ಮನೆಯ ಸಾರಿಗೂ ಈ ಕಲ್ಲಿಗೂ ಗಂಟು ಹಾಕಬೇಡಿ.

ಹಾಗಾಗಿ ಅಕ್ಕನಿಗೆ ಹೇಳಿದ್ದು ಇಷ್ಟು. ಹರಿವೆ, ಪಾಲಕ್ ಅಪರೂಪಕ್ಕೆ ಮಾಡಿ, ಮಾಡಿದಾಗ ಬೇಯಿಸಿ ನೀರು ಚೆಲ್ಲಿ. ಆಕ್ಸಲೇಟಿನ ಒಂದು ಪಾಲು ಆ ನೀರಿಗೇ ಇಳಿದಿರುತ್ತೆ, ಅದರಲ್ಲಿ ಬಸ್ಸಾರು ಮಾತ್ರ ಬೇಡ. ಊಟದ ಜೊತೆ ಮಜ್ಜಿಗೆ ಇರಲಿ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ. ಆಗಾಗ ನಿಂಬೆಹಣ್ಣು ಹಿಂಡಿಕೊಂಡು ನೀರು ಕುಡೀರಿ.

ಎಲ್ಲದಕ್ಕೂ ತಲೆ ಆಡಿಸಿದ ಅಕ್ಕ ನೀರು ಅಂದಾಗ ನಕ್ಕುಬಿಟ್ರು. "ಕುಡುದ್ರೆ ಒಂದಕ್ಕೆ ಎಲ್ಲಿಗೋಗ್ಲಣ್ಣ?"

ಇರೋದೇ ಇಲ್ಲಿ. ಕಲ್ಲು ಬರದಿರಬೇಕಾದ್ರೆ ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗಬೇಕು ಅಂತಾರೆ ವೈದ್ಯರು. ನಾನು ಗುಮಾಸ್ತ. ನನ್ನ ಟೇಬಲ್ ಪಕ್ಕದಲ್ಲೇ ನೀರಿನ ಕ್ಯಾನ್, ಇಪ್ಪತ್ತು ಹೆಜ್ಜೆಗೆ ಶೌಚಾಲಯ. ಕುಡಿದೆ, ಕಲ್ಲು ತಾನಾಗೇ ಹೋಯ್ತು. 5 ಮಿಲಿಮೀಟರಿಗಿಂತ ಸಣ್ಣವು ಬಹುಪಾಲು ಹಾಗೇ ಹೋಗ್ತವೆ. ಅಕ್ಕ ಮಾತ್ರ ಬೆಳಗ್ಗೆ ಆರಕ್ಕೆ ಪೊರಕೆ ಹಿಡಿದರೆ ಮಧ್ಯಾಹ್ನದವರೆಗೆ ಬಿಸಿಲಲ್ಲೇ. ಅವರ ಬೀದಿಗಳಲ್ಲಿ ಒಂದು ಶೌಚಾಲಯ ಇಲ್ಲ. ಅದಕ್ಕೇ ಬೇಕಂತಲೇ ನೀರು ಕುಡಿಯಲ್ಲ. ಬೆವರು ಹರಿದು ಮೂತ್ರ ಮಂದವಾಗಿ ಹರಳುಗಟ್ಟಿದರೆ ಅದು ಸೊಪ್ಪಿನ ತಪ್ಪಾ? ಊರನ್ನೆಲ್ಲ ಚೊಕ್ಕಟ ಮಾಡೋ ಹೆಂಗಸಿಗೆ ಆ ಊರಲ್ಲಿ ಒಂದು ಮರೆ ಇಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ನೀರು ಮುಟ್ಟೋ ಹಕ್ಕಿಗೆ ಅಷ್ಟು ದೊಡ್ಡ ಹೋರಾಟ ಆಯ್ತು. ಕುಡಿದ ನೀರನ್ನು ಮಾನವಾಗಿ ಹೊರಗೆ ಬಿಡೋ ಜಾಗವೂ ಅದೇ ಹಕ್ಕಿನ ಭಾಗ.

ಈ ವಾರ ನಿಮ್ಮ ವಾರ್ಡಿನ ಪೌರಕಾರ್ಮಿಕರನ್ನು ಎರಡೇ ಪ್ರಶ್ನೆ ಕೇಳಿ: ಕೆಲಸದ ಹೊತ್ತಲ್ಲಿ ಕುಡಿಯೋಕೆ ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ? ಉತ್ತರ ಬರೆದುಕೊಂಡು ಬನ್ನಿ. ಮನವಿ ಟೈಪ್ ಮಾಡೋ ಕೆಲಸ ನನ್ನದು. ಒಟ್ಟಿಗೆ ಹೋಗಿ ಕೊಡೋಣ, ಕೈಯಲ್ಲಿ ಸ್ವೀಕೃತಿ ತಗೊಂಡೇ ಬರೋಣ.

ಜೈ ಭೀಮ್.